ಎದ್ದವರ ಮಂಚ

ಊರಿನಲ್ಲಿ ಒಂದು ಸಾವಾದರೆ ಯಾರ್ಯಾರು ಬೇಕಾಗುತ್ತಾರೆ ಎಂದು ಕೇಳಿದರೆ ಜನ ಚಟ್ಟ ಕಟ್ಟುವವರು, ತಮಟೆಯವರು, ತಿಥಿ ಅಡುಗೆಯವರು ಎನ್ನುತ್ತಾರೆಯೇ ಹೊರತು ಗುಜರಿಯವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನಂಜನಗೂಡಿನ ಚೆಲುವಯ್ಯನನ್ನು ಕೇಳಿ ನೋಡಿ, ಅವನು ಬೇರೆ ಹೇಳುತ್ತಾನೆ. ಸತ್ತವರ ಹಾಸಿಗೆ ದಿಂಬನ್ನು ಹೊತ್ತುಕೊಂಡು ಹೋಗಿ ಸುಟ್ಟುಬಿಡಬಹುದು. ಅವರು ಮಲಗಿದ್ದ ಕಬ್ಬಿಣದ ಮಂಚವನ್ನು ಏನು ಮಾಡುತ್ತೀರಿ? ಬೆಂಕಿಗೆ ಹಾಕಿದರೆ ಸುಡುವುದಿಲ್ಲ, ಮನೆಯಲ್ಲಿಟ್ಟುಕೊಳ್ಳಲು ಮನಸ್ಸು ಬರುವುದಿಲ್ಲ, ಪಕ್ಕದ ಮನೆಯವರಿಗೆ ಕೊಡುತ್ತೇನೆಂದರೆ ಅವರು ಮಾತು ಬಿಡುತ್ತಾರೆ. ಹಾಗಾಗಿ ತಿಥಿ ಮುಗಿದ ಮೇಲೆ ಯಾರಾದರೊಬ್ಬರು ಚೆಲುವಯ್ಯನಿಗೆ ಫೋನು ಮಾಡುತ್ತಾರೆ.

ಚೆಲುವಯ್ಯ ಬೆಳಿಗ್ಗೆ ಹಳೆಯ ಮೊಪೆಡ್ಡಿನ ಎರಡೂ ಕಡೆ ಗೋಣಿಚೀಲ ಇಳಿಬಿಟ್ಟುಕೊಂಡು, ಮುಂದೆ ತಕ್ಕಡಿ ಇಟ್ಟುಕೊಂಡು ಹೊರಡುವವನು. ಒಂದು ದಿನ ತಾಂಡವಪುರದ ಕಡೆ ಹೋದರೆ ಇನ್ನೊಂದು ದಿನ ಕಳಲೆ, ಮತ್ತೊಂದು ದಿನ ತಿ. ನರಸೀಪುರ ದಾಟಿ ಸೋಸಲೆಯವರೆಗೆ. ಮುರಿದ ಸೈಕಲ್ಲು, ತೂತು ಬಿದ್ದ ಬಕೆಟ್ಟು, ಸುಟ್ಟುಹೋದ ಮೋಟಾರಿನ ತಾಮ್ರದ ತಂತಿ, ಸಿಕ್ಕಿದ್ದನ್ನೆಲ್ಲ ತೂಕಕ್ಕೆ ಕೊಂಡು ಸಂಜೆ ಅಮೃತೇಶನ ಗುಜರಿ ಅಂಗಡಿಗೆ ಹಾಕುವುದು ಅವನ ಕಸುಬು. ಮಂಚದಂಥ ದೊಡ್ಡ ಮಾಲಿದ್ದರೆ ಒಂದು ಲಗೇಜ್ ಆಟೋ ಹಿಡಿಯುತ್ತಾನೆ. ಕಸುಬಿಗಿಳಿದ ಹೊಸದರಲ್ಲಿ ಸಾವಿನ ಮನೆಗೆ ಹೋದಾಗ ಹಾರ ಹಾಕಿದ ಫೋಟೋಗೆ ಕೈ ಮುಗಿದು "ಅಯ್ಯೋ ಪಾಪ" ಎನ್ನುತ್ತಿದ್ದ. ಬರಬರುತ್ತ ಕೈ ಮುಗಿಯುವುದು ನಿಂತಿತು, ಆಮೇಲೆ "ಅಯ್ಯೋ ಪಾಪ"ವೂ ನಿಂತಿತು. ಈಗ ಸೀದಾ ಮಂಚದ ಹತ್ತಿರ ಹೋಗುತ್ತಾನೆ, ಬೆಸುಗೆ ಗಟ್ಟಿ ಇದೆಯೇ, ತುಕ್ಕು ಎಲ್ಲಿಯವರೆಗೆ ತಿಂದಿದೆ ನೋಡುತ್ತಾನೆ, ಎತ್ತಿಕೊಂಡು ಬರುತ್ತಾನೆ. ಕೆಟ್ಟ ಮನುಷ್ಯನೇನಲ್ಲ. ಒಳಗೆ ಬತ್ತಿಹೋಗಿತ್ತು, ಅಷ್ಟೆ.

ಮಾಲು ಬೇರೆ ಮಾಡುವವಳು ಹೆಂಡತಿ ವಿಶಾಲಮ್ಮ. ಹಿತ್ತಿಲಲ್ಲಿ ಕಾಲು ಚಾಚಿ ಕುಳಿತು ಹಿತ್ತಾಳೆಯನ್ನೊಂದು ಕಡೆ, ತಗಡನ್ನೊಂದು ಕಡೆ ಹಾಕುತ್ತ, ಗಂಡ ಸುತ್ತಿ ಬಂದ ಊರುಗಳ ಸುದ್ದಿಯನ್ನೆಲ್ಲ ಅವನಿಂದ ಹಿಂಡಿ ತೆಗೆಯಲು ನೋಡುತ್ತಿದ್ದಳು. ಎಷ್ಟು ಹಿಂಡಿದರೂ ಬರುತ್ತಿದ್ದದ್ದು ಒಂದು ಹೂಂ, ಇಲ್ಲವೇ ಒಂದು ಊಹೂಂ. ಮದುವೆಯಾದ ಹೊಸದರಲ್ಲಿ ಅವನೊಂದು ಸಲ ಒಳ್ಳೆಯ ಮಡಿಸುವ ಮಂಚವೊಂದನ್ನು ಅಂಗಡಿಗೆ ಹಾಕದೆ ಮನೆಗೆ ತಂದಿದ್ದ. ಎಲ್ಲಿಯದೆಂದು ಗೊತ್ತಾದ ಕೂಡಲೇ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಸತ್ತೋರ ಮಂಚ ನಮ್ ಹೊಸ್ಲು ದಾಟಂಗಿಲ್ಲ. ಅದು ಒಳಕ್ ಬಂದ್ರೆ ನಾನ್ ಆಚ್ಗೆ ಹೊಂಟೆ ಅಂತ್ಲೇ ತಿಳ್ಕಳಿ."

ಚೆಲುವಯ್ಯ ಮಂಚವನ್ನು ಮಾರನೆಯ ದಿನ ಅಂಗಡಿಗೆ ಹಾಕಿದ. ಅಲ್ಲಿಂದೀಚೆಗೆ ಅವನ ಕೈಯಲ್ಲಿ ಲೆಕ್ಕವಿಲ್ಲದಷ್ಟು ಮಂಚಗಳು ಹಾದುಹೋದರೂ ಗಂಡ ಹೆಂಡತಿ ಮಲಗಿದ್ದು ಚಾಪೆಯ ಮೇಲೆಯೇ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ವಿಶಾಲಮ್ಮ ಒಲೆಯ ಮುಂದೆಯೇ ಕುಸಿದಳು. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು, ಮಾತೊಂದು ಉಳಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ನೆಂಟರಿಷ್ಟರೆಲ್ಲ ಗೋಳಾಡುತ್ತಿದ್ದರೆ ಚೆಲುವಯ್ಯ ಫ್ಲಾಸ್ಕು ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದ. ಕಲ್ಲಿನಂಥ ಮನುಷ್ಯ ಎಂದು ಅವರು ಬೈದರು. ಅವನಿಗೂ ಆಶ್ಚರ್ಯವೇ. ಎದೆಯೊಳಗೆ ಏನಾದರೂ ಆಗಬಹುದೆಂದು ಕಾದ. ಟೀ ಆರಿಹೋಗುತ್ತದಲ್ಲ ಎಂಬ ಯೋಚನೆ ಬಿಟ್ಟರೆ ಬೇರೇನೂ ಬರಲಿಲ್ಲ.

ಮನೆಗೆ ಕರೆತಂದು ಚಾಪೆಯ ಮೇಲೆ ಮಲಗಿಸಿದ. ಅಡುಗೆ ಕಲಿತ, ತೊಳೆಯುವುದು ಒರೆಸುವುದು ಕಲಿತ. ಮಳೆಗಾಲ ಬರುವ ಹೊತ್ತಿಗೆ ಅವಳ ಬೆನ್ನಿನ ಕೆಳಗೆ ಹುಣ್ಣಾಯಿತು. ಬೀದಿಯ ಆಶಾ ಕಾರ್ಯಕರ್ತೆ ರುದ್ರಾಣಿ ಬಂದು ಹುಣ್ಣು ಒರೆಸಿ ಮದ್ದು ಹಚ್ಚಿ, ಚೆಲುವಯ್ಯನನ್ನು ಬಾಗಿಲಾಚೆ ಕರೆದಳು.

"ಅಣ್ಣ, ನೆಲದ್ ಮ್ಯಾಲೆ ಹಿಂಗೇ ಮಲಗ್ಸಿದ್ರೆ ಇದು ಮೂಳೆ ತಂಕ ಹೋಯ್ತದೆ. ಹ್ಯಾಂಡ್ಲು ತಿರುಗ್ಸಿದ್ರೆ ತಲೆ ಕಡೆ ಮೇಲೇಳ್ತದಲ್ಲ, ಅಂಥಾ ಆಸ್ಪತ್ರೆ ಮಂಚ ನೋಡಿ. ಇಲ್ದಿದ್ರೆ ವಿಶಾಲಕ್ಕನ್ನ ಲಕ್ವ ಬಿಟ್ರೂ ಹುಣ್ಣು ಬಿಡಲ್ಲ."

ಹೊಸದರ ಬೆಲೆ ಕೇಳಿಕೊಂಡು ಬಂದವನು ಮತ್ತೆ ಆ ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ಹಳೆಯದಾದರೆ ಸತ್ತವರದೇ. ವಿಶಾಲಮ್ಮನನ್ನು ಕೇಳಿದ. ಮಲಗಿದ್ದಲ್ಲಿಂದಲೇ ಅವಳು ತಲೆ ಅಲ್ಲಾಡಿಸಿದಳು. "ಸತ್ತೋರ್ದು ಬ್ಯಾಡ. ಎದ್ದೋರ್ದು ಸಿಕ್ಕುದ್ರೆ ತನ್ನಿ."

ಸರಿ, ಚೆಲುವಯ್ಯ ಎದ್ದವರ ಮಂಚ ಹುಡುಕಲು ಹೊರಟ. ಊರೂರಿನಲ್ಲಿ ಮೊಪೆಡ್ಡು ನಿಲ್ಲಿಸಿ, ಹಾಸಿಗೆ ಹಿಡಿದಿದ್ದು ವಾಸಿಯಾದವರು ಯಾರಾದರೂ ಇದ್ದಾರೆಯೇ, ಮಂಚ ಮಾರುತ್ತಾರೆಯೇ ಎಂದು ವಿಚಾರಿಸಿದ. ಜನ ಅವನ ಮುಖವನ್ನು ಒಂದು ಥರ ನೋಡಿದರು. ಕಳಲೆಯಲ್ಲಿ ಜಗಲಿಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬಳಂತೂ ಹಲ್ಲಿಲ್ಲದ ಬಾಯಲ್ಲಿ ನಕ್ಕುಬಿಟ್ಟಳು. "ಆ ಮಂಚ ಅತ್ತುದ್ಮೇಲೆ ಯಾವ್ ಮಾರಾಯ ಕೆಳಕ್ ಇಳ್ದವ್ನೆ ಮಗಾ?" ಚೆಲುವಯ್ಯ ನಿಂತಲ್ಲೇ ಜ್ಞಾಪಿಸಿಕೊಂಡ. ಇಷ್ಟು ವರ್ಷದಲ್ಲಿ ಆ ಬಗೆಯ ಮಂಚವನ್ನು, ಅದರ ಮೇಲೆ ಮಲಗಿದ್ದವರೇ ಎದ್ದು ನಿಂತು ಅವನಿಗೆ ಕೊಟ್ಟದ್ದು ಒಂದು ಸಲವೂ ಇರಲಿಲ್ಲ. ಹುಣ್ಣು ಮಾತ್ರ ದಿನದಿನಕ್ಕೆ ದೊಡ್ಡದಾಗುತ್ತಿತ್ತು.

ಅಷ್ಟರಲ್ಲಿ ಸೋಸಲೆಯ ಸೋಮಶೇಖರ್ ಎಂಬವರಿಂದ ಫೋನು ಬಂತು. ಅವರ ತಂದೆ ಚಿಕ್ಕಬಸಪ್ಪನವರು ತೀರಿಕೊಂಡು ಕಾರ್ಯವೆಲ್ಲ ಮುಗಿದಿತ್ತು. ಜಗಲಿಯಲ್ಲಿ ನೀಲಿ ಬಣ್ಣದ ಆಸ್ಪತ್ರೆ ಮಂಚ, ಹ್ಯಾಂಡಲ್ಲು ಬೆಣ್ಣೆಯ ಹಾಗೆ ತಿರುಗುತ್ತಿತ್ತು. "ದುಡ್ಡೇನೂ ಬ್ಯಾಡ, ನಮ್ ಕಣ್ಣಿಂದ ದೂರ ತಕಂಡ್ ಹೋಗ್ಬುಡಿ" ಎಂದು ಸೋಮಶೇಖರ್ ಮುಖ ತಿರುಗಿಸಿ ಒಳಗೆ ಹೋದರು. ಚೆಲುವಯ್ಯ ಆಟೋಗೆ ಹೇರಿದ. ನರಸೀಪುರ ದಾಟುವಾಗಲೇ ಅವನು ಅಮೃತೇಶನ ಅಂಗಡಿಯನ್ನು ಮನಸ್ಸಿನಿಂದ ಬಿಟ್ಟಿದ್ದ. ನಂಜನಗೂಡಿನ ಬೀದಿಯ ನಲ್ಲಿಯ ಹತ್ತಿರ ಮಂಚ ಇಳಿಸಿ, ಸೋಪು ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ ಮನೆಯೊಳಕ್ಕೆ ತಂದ.

"ಯಾರ್ದು?" ಎಂದಳು ವಿಶಾಲಮ್ಮ.

"ಸೋಸಲೆ ಯಜಮಾನ್ರುದು. ಎದ್ದು ಓಡಾಡ್ತಾವ್ರೆ. ಇನ್ನ್ ನಂಗ್ಯಾಕೆ ಅಂದ್ರು."

"ನಂಜುಂಡಪ್ಪನಾಣೆಗೂ?"

"ನಂಜುಂಡಪ್ಪನಾಣೆಗೂ."

ದೇವಸ್ಥಾನದ ಗೋಪುರ ಕಾಣುವ ಊರಿನಲ್ಲಿ ನಿಂತು, ಕಾಯಿಲೆ ವಾಸಿಮಾಡುವ ದೇವರ ಮೇಲೆಯೇ ಸುಳ್ಳು ಆಣೆ. ಅವನಿಗೆ ಏನೂ ಅನ್ನಿಸಲಿಲ್ಲ. ಹೆಂಡತಿಯನ್ನು ಎತ್ತಿ ಮಂಚದ ಮೇಲೆ ಮಲಗಿಸಿ ಹ್ಯಾಂಡಲ್ಲು ತಿರುಗಿಸಿದ. ತಲೆಯ ಕಡೆ ಮೇಲೆ ಬಂದಾಗ ವಿಶಾಲಮ್ಮನಿಗೆ ಎಷ್ಟೋ ದಿನದ ಮೇಲೆ ಕಿಟಕಿಯಾಚೆಯ ಬೀದಿ ಕಂಡಿತು.

ಸುಳ್ಳು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮಾರನೆಯ ಸಂಜೆ ಅವನು ಮೊಪೆಡ್ಡು ನಿಲ್ಲಿಸುತ್ತಿದ್ದ ಹಾಗೆಯೇ ಒಳಗಿನಿಂದ ಕೂಗು ಬಂತು. "ಯಜಮಾನ್ರು ಎಂಗವ್ರೆ?"

ಚೆಲುವಯ್ಯ ಕಕ್ಕಾಬಿಕ್ಕಿಯಾದ. "ಗೋಡೆ ಇಡ್ಕಂಡು ಬಾಗ್ಲು ಗಂಟ ಬಂದಿದ್ರು" ಎಂದ.

ಅವಳಿಗೆ ಅದು ಸಾಲಲಿಲ್ಲ. ಯಾವ ಕಾಲು ಮೊದಲು ಇಡುತ್ತಾರೆ, ಏನು ತಿನ್ನುತ್ತಾರೆ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆಯೇ, ಎಲ್ಲ ಬೇಕಾಗಿತ್ತು. ಸೋಸಲೆಯ ಕಡೆ ಹೋಗದ ದಿನವೂ ಅವನು ಸೋಸಲೆಯ ಸುದ್ದಿ ತರಬೇಕಾಯಿತು. ಮೊದಮೊದಲು ಒಂದೆರಡು ಮಾತು, ಆಮೇಲೆ ನಾಲ್ಕಾರು. ಯಜಮಾನರು ಕೋಲೂರಿಕೊಂಡು ಹೊಳೆಯವರೆಗೆ ಹೋಗಿದ್ದರು. ಯಜಮಾನರು ಸೊಸೆ ಬೇಡವೆಂದರೂ ಕೇಳದೆ ಎರಡನೇ ಮುದ್ದೆ ಹಾಕಿಸಿಕೊಂಡರು. ಯಜಮಾನರು ಒಬ್ಬರೇ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದರೆ, ಮಗ ಊರೆಲ್ಲ ಹುಡುಕಾಡಿ ಬಂದು ಕೂಗಾಡಿದ. ಜೀವಮಾನವೆಲ್ಲ ಹೂಂ, ಊಹೂಂನಲ್ಲಿ ಕಳೆದ ಮನುಷ್ಯ ಕೇಳಿದವರು ಬೆರಗಾಗುವ ಹಾಗೆ ಕತೆ ಕಟ್ಟತೊಡಗಿದ. ಕಟ್ಟುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ, ಹಾಗಾಗಿ ಅನುಮಾನಕ್ಕೂ ಜಾಗವಿರಲಿಲ್ಲ. ವಿಶಾಲಮ್ಮ ಮಾತ್ರ ಬಿದ್ದು ಬಿದ್ದು ನಗುತ್ತಿದ್ದಳು. ಹುಣ್ಣು ಒಣಗಿತು. "ಯಜಮಾನ್ರು ಎದ್ದವ್ರೆ, ನಾನೂ ಎದ್ದೇಳ್ತೀನಿ" ಎಂದು ರುದ್ರಾಣಿ ಹೇಳಿಕೊಟ್ಟ ಹಾಗೆ ಎಡಗಾಲನ್ನು ಬಲಗೈಯಿಂದ ಎತ್ತಿ ಎತ್ತಿ ಇಳಿಸುತ್ತಿದ್ದಳು.

ಹೀಗೆಯೇ ಚಳಿಗಾಲ ಕಳೆಯಿತು. ಕಾಲು ಅಲ್ಲಾಡಲಿಲ್ಲ, ಬೆರಳೂ ಅಲ್ಲಾಡಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಅವಳು ಯಜಮಾನರ ಸುದ್ದಿ ಕೇಳುವುದನ್ನು ಬಿಟ್ಟಳು. ಅವನು ತಾನಾಗಿ ಹೇಳಹೋದರೆ ಗೋಡೆಯ ಕಡೆ ಮುಖ ಮಾಡಿದಳು. ಆಮೇಲೆ ಊಟ ಬಿಟ್ಟಳು. ತುತ್ತು ಬಾಯಿಗಿಟ್ಟರೆ ಹಾಗೆಯೇ ಉಳಿಯುತ್ತಿತ್ತು, ಬೆರಳು ಹಾಕಿ ತೆಗೆಯಬೇಕಾಗುತ್ತಿತ್ತು. ಹೀಗೇ ಆದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ರುದ್ರಾಣಿ ಬಾಯಿಬಿಟ್ಟೇ ಹೇಳಿದಳು. ಒಂದು ಮಧ್ಯಾಹ್ನ ಚೆಲುವಯ್ಯ ಗಂಜಿ ಕಲಸಿಕೊಂಡು ಬಂದಾಗ ವಿಶಾಲಮ್ಮ, "ನನ್ನ ಕೆಳಕ್ ಇಳ್ಸಿ, ಚಾಪೆ ಮ್ಯಾಲ್ ಮಲಗ್ತೀನಿ" ಎಂದಳು.

ಮಂಚ ಯಾರದೆಂದು ಗೊತ್ತಾಗಿಬಿಟ್ಟಿದೆ ಎಂದು ಚೆಲುವಯ್ಯ ಎಣಿಸಿದ. ವರ್ಷಗಳಿಂದ ಮರಗಟ್ಟಿದ್ದ ಎದೆ ಮೊದಲ ಸಲ ಧಸಕ್ಕೆಂದಿತು. "ಯಾರೇನಂದ್ರು ನಿಂಗೆ?" ಎಂದು ಕೇಳಿದ.

"ಯಾರೇನಂತಾರೆ? ಅದೇ ಮಂಚ, ಅದೇ ಹ್ಯಾಂಡ್ಲು. ನನ್ಗಿಂತ ಎಷ್ಟೋ ದೊಡ್ಡೋರು, ಅವ್ರು ಎದ್ದು ಒಳೆ ತಂಕ ನಡ್ದ್ರು. ನಂಗೆ ಒಂದ್ ಬೆರಳು ಅಲ್ಲಾಡ್ಸಕ್ ಆಗ್ಲಿಲ್ಲ." ಬಲಗೈಯನ್ನು ಮುಷ್ಟಿ ಮಾಡಿ ಎಡತೊಡೆಗೆ ಹೊಡೆದುಕೊಂಡಳು. "ನನ್ನಲ್ಲೇ ಏನೋ ಐಬು ಅದೆ. ನಾನೇ ಸರ್ಯಾಗ್ ಕಷ್ಟಪಡ್ಲಿಲ್ಲ, ಸೋಂಬೇರಿ ಮುಂಡೆ. ನಿಮ್ಗೂ ನನ್ನ ತೊಳ್ದು ತೊಳ್ದು ಸಾಕಾಗದೆ. ನನ್ಗೆ ಈ ಮಂಚ ಕಂಡ್ರೆ ಹೊಟ್ಟೆ ಉರೀತದೆ ಕಣ್ರೀ. ಆ ಯಜಮಾನ್ರ ಸುದ್ದಿ ಕೇಳುದ್ರೂ ಉರೀತದೆ."

ಅವಳು ಹೊಡೆದುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಚೆಲುವಯ್ಯ ಗಂಜಿಯ ತಟ್ಟೆಯನ್ನು ನೆಲದ ಮೇಲಿಟ್ಟು ಅವಳ ಕೈ ಹಿಡಿದುಕೊಂಡ. ನಿಜ ಹೇಳಿದರೆ ಸತ್ತವರ ಮಂಚದ ಮೇಲೆ ಮಲಗಿಸಿದವನಾಗುತ್ತಾನೆ, ಸುಳ್ಳು ಆಣೆ ಮಾಡಿದವನಾಗುತ್ತಾನೆ. ಹೇಳದಿದ್ದರೆ ಇವಳು ತನ್ನನ್ನೇ ತಿಂದುಕೊಂಡು ಸಾಯುತ್ತಾಳೆ. ಬೇರೆ ದಾರಿ ಅವನಿಗೆ ಹೊಳೆಯಲಿಲ್ಲ.

"ಅವ್ರು ಏಳ್ಲಿಲ್ಲ ಕಣಮ್ಮಿ."

"ಆಂ?"

"ಯಜಮಾನ್ರು ಏಳ್ಲೇ ಇಲ್ಲ. ಇದ್ರ ಮ್ಯಾಲೇ ತೀರ್ಕಂಡ್ರು. ತಿಥಿ ಆದ್ಮೇಲೇ ನಾನ್ ಮಂಚ ತಂದಿದ್ದು."

ವಿಶಾಲಮ್ಮ ಅವನನ್ನೇ ನೋಡಿದಳು. "ಒಳೆ ತಂಕ ನಡ್ದಿದ್ದು?"

"ಸುಳ್ಳು."

"ಎರಡ್ನೇ ಮುದ್ದೆ?"

"ಅದೂ ಸುಳ್ಳೇ."

"ಬಸ್ ಅತ್ತಿ ನರಸೀಪುರಕ್ ಹೋದ್ರು ಅಂದ್ರಲ್ಲ, ಕ್ಷೌರಕ್ಕೆ?"

ಅವನು ತಲೆ ತಗ್ಗಿಸಿದ. ಈಗ ಕಿರುಚುತ್ತಾಳೆ, ಮಂಚದಿಂದ ಉರುಳಿ ಬೀಳುತ್ತಾಳೆ ಎಂದು ಕಾದ. ಹಿಡಿದುಕೊಂಡಿದ್ದ ಕೈಯ ಮುಷ್ಟಿ ಮೆಲ್ಲಗೆ ಸಡಿಲವಾಯಿತು.

"ಸದ್ಯ," ಎಂದಳು ವಿಶಾಲಮ್ಮ. ದೊಡ್ಡದಾಗಿ ಉಸಿರುಬಿಟ್ಟಳು. "ಅವ್ರ ಕೈಲೂ ಆಗ್ಲಿಲ್ವಾ? ನಾನೊಬ್ಳೇ ಅನ್ಕಂಡು ಕೊರಗ್ತಿದ್ನಲ್ಲ. ಪಾಪ, ಅವ್ರೂ ಎಷ್ಟ್ ಕಷ್ಟಪಟ್ರೋ ಏನೋ." ಆಮೇಲೆ, "ವಸಿ ಮೇಲಕ್ ಎತ್ತಿ. ಹೊಟ್ಟೆ ಹಸೀತದೆ" ಎಂದಳು.

ಚೆಲುವಯ್ಯ ಹ್ಯಾಂಡಲ್ಲು ತಿರುಗಿಸಿದ. ತಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕುಳಿತು ಗಂಜಿ ತಿನ್ನಿಸತೊಡಗಿದ. ಅವಳು ನುಂಗಿದಳು. ಇನ್ನೊಂದು ಚಮಚಕ್ಕೆ ಬಾಯಿ ತೆರೆದಳು. ಚಮಚ ಎತ್ತಿದವನು ಅದನ್ನು ಅವಳ ಬಾಯಿಗಿಡುವುದನ್ನೇ ಮರೆತ. ಕೋಲೂರಿಕೊಂಡು ಹೊಳೆಗೆ ಹೋಗುವ, ಮಗನಿಗೆ ಗೊತ್ತಾಗದ ಹಾಗೆ ಬಸ್ಸು ಹತ್ತುವ ಮುದುಕನನ್ನು ದಿನಾ ಸಂಜೆ ಮನೆಗೆ ಕರೆತರುತ್ತಿದ್ದವನು ಅವನೇ. ಅಷ್ಟು ಹತ್ತಿರದಿಂದ ಅವನು ಇನ್ನಾರನ್ನೂ ಕಂಡಿರಲಿಲ್ಲ. ಸೋಸಲೆಯ ಜಗಲಿಯಲ್ಲಿ ಮಂಚ ಎತ್ತುವಾಗ ಬಾರದ ದುಃಖ, ಆಸ್ಪತ್ರೆಯಲ್ಲಿ ಬಾರದ ದುಃಖ ಈಗ ಒಟ್ಟಿಗೇ ಬಂತು.

"ಯಾಕ್ರೀ?" ಎಂದಳು ವಿಶಾಲಮ್ಮ ಗಾಬರಿಯಾಗಿ.

"ಯಜಮಾನ್ರು ಹೋಗ್ಬುಟ್ರು ಕಣಮ್ಮಿ," ಎಂದು ಚೆಲುವಯ್ಯ ಆ ಸುದ್ದಿ ಆಗತಾನೇ ಬಂದ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ವಿಶಾಲಮ್ಮ ಬಲಗೈ ಚಾಚಿ ಚಮಚವನ್ನು ಅವನಿಂದ ತೆಗೆದುಕೊಂಡು, ಉಳಿದ ಗಂಜಿಯನ್ನು ತಾನೇ ಕುಡಿದಳು.