ನಾಲ್ಕು ತಾಲ್ಲೂಕಿಗೆ ಹಂಚಿದ ಬೆಂಬಲ

ಮಧುಗಿರಿಯಲ್ಲಿ ಅಚ್ಚಾಗುವ ನಮ್ಮ ದಿನಪತ್ರಿಕೆ ಶಿರಾ, ಕೊರಟಗೆರೆ, ಪಾವಗಡಕ್ಕೂ ಹೋಗುತ್ತದೆ. ಇರುವುದು ನಾಲ್ಕೇ ಪುಟ. ನಾನು ಅದರ ಡೆಸ್ಕಿನಲ್ಲಿ ಕೂರುವವನು. ವರದಿಗಾರರು ಕಳಿಸಿದ್ದನ್ನು ತಿದ್ದಬೇಕು, ಆರೋಪವಿದ್ದರೆ ಆರೋಪ ಹೊತ್ತವರ ಮಾತೂ ಇದೆಯೇ ಎಂದು ನೋಡಬೇಕು, ತಲೆಬರಹ ಕೊಟ್ಟು ಪುಟಕ್ಕೆ ಕೂರಿಸಬೇಕು. ಸುದ್ದಿಯಲ್ಲಿ ನನ್ನ ಅಭಿಪ್ರಾಯಕ್ಕೆ ಜಾಗವಿಲ್ಲ. ಅದು ನನಗೆ ಒಪ್ಪಿಗೆಯಾದ ಏರ್ಪಾಡೇ.

ಚುನಾವಣೆ ಬಂದರೆ ಮಾತ್ರ ಪತ್ರಿಕೆಗೆ ಅಭಿಪ್ರಾಯ ಬರುತ್ತಿತ್ತು. ಮತದಾನಕ್ಕೆ ಮುಂಚಿನ ಭಾನುವಾರ ಮೊದಲ ಪುಟದಲ್ಲಿ ‘ನಮ್ಮ ನಿಲುವು’ ಎಂಬ ಚೌಕಟ್ಟು. ಪ್ರತಿ ತಾಲ್ಲೂಕಿನಲ್ಲಿ ಸ್ಪರ್ಧೆ ಬಿಗಿಯಾಗಿರುವ ಒಂದೊಂದು ಕ್ಷೇತ್ರ ಆರಿಸಿ, ಅಲ್ಲಿ ಯಾರನ್ನು ಗೆಲ್ಲಿಸಿದರೆ ಒಳ್ಳೆಯದು ಎಂದು ಹೆಸರು ಹಿಡಿದು ಹೇಳುತ್ತಿದ್ದೆವು. ದೊಡ್ಡ ಪತ್ರಿಕೆಗಳು ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ. ಮಾಲೀಕರೂ ಆದ ನಮ್ಮ ಸಂಪಾದಕರಿಗೆ ಅದೊಂದು ಹೆಮ್ಮೆ.

ಆ ಹೆಮ್ಮೆಯ ಜೊತೆಗೆ ಅವರದೊಂದು ಪದ್ಧತಿಯೂ ಇತ್ತು. ಬೆಂಬಲವನ್ನು ಪಕ್ಷಗಳ ನಡುವೆ ಹಂಚಬೇಕು. ಒಂದು ತಾಲ್ಲೂಕಿನಲ್ಲಿ ಒಂದು ಪಕ್ಷ, ಇನ್ನೊಂದರಲ್ಲಿ ಇನ್ನೊಂದು. ಯಾವ ಪಕ್ಷವೂ ಬರಿಗೈಯಲ್ಲಿ ಹೋಗಬಾರದು. ನಾನು ಸೇರುವುದಕ್ಕೆ ಮೊದಲು ಯಾವುದೋ ಚುನಾವಣೆಯಲ್ಲಿ ನಾಲ್ಕೂ ಕಡೆ ಒಂದೇ ಪಕ್ಷವನ್ನು ಬೆಂಬಲಿಸಿದ್ದರಂತೆ. ಮಧುಗಿರಿ ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಕಟ್ಟುಗಳನ್ನು ರಾಶಿ ಹಾಕಿ ಸುಟ್ಟಿದ್ದರು. ಅದನ್ನು ಹೇಳುವಾಗ ಸಂಪಾದಕರ ದನಿ ಈಗಲೂ ತಗ್ಗುತ್ತದೆ. ಹಂಚಿಕೆ ಹುಟ್ಟಿದ್ದು ಆ ಬೆಂಕಿಯಲ್ಲಿ, ಆದ್ದರಿಂದ ಅದನ್ನು ಅವರು ನಿಷ್ಪಕ್ಷಪಾತ ಎಂದು ಮನಸಾರೆ ನಂಬಿದ್ದರು.

ಓದುಗರು ಹಾಗೆ ನಂಬಿದ್ದರೇ? ಶಿರಾದಲ್ಲಿ ನಮ್ಮ ಪತ್ರಿಕೆ ಹಂಚುವ ಏಜೆಂಟ್ ಒಮ್ಮೆ ಕಚೇರಿಗೆ ಬಂದವನು ಹೇಳಿದ ಮಾತು ನೆನಪಿದೆ. “ಸಾಬ್, ಶಿರಾದಾಗೆ ನಮ್ ಪೇಪರ್ ಅವರ ಪಾರ್ಟೀದು ಅಂತಾರೆ. ಮಧುಗಿರಿ ಕಡೆ ಬಂದ್ರೆ ಇವರ್ದು ಅಂತಾರೆ. ಕೊರಟಗೆರೇಲಿ ನನ್ ಭಾವ ಅವ್ನೆ, ಅವ್ನು ಇಬ್ಬರ್ದೂ ಅಲ್ಲ, ಮೂರ್ನೆಯೋರ್ದು ಅಂತಾನೆ. ಖುದಾ ಕಸಮ್, ನಾನು ಯಾರ್ದು ಅಂತ ಮಾರ್ಲಿ?”

ಸಂಪಾದಕರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡಯ್ಯಾ, ಎಲ್ಲಾರೂ ಬೈತಾವ್ರೆ ಅಂದ್ರೆ ನಾವು ಸರಿಯಾಗಿದ್ದೀವಿ ಅಂತಾನೇ ಅರ್ಥ” ಎಂದು ನನ್ನ ಕಡೆ ತಿರುಗಿದರು.

ಹಿಂದಿನ ಜಿಲ್ಲಾ ಪಂಚಾಯಿತಿ ಚುನಾವಣೆಯಲ್ಲಿ ಈ ಹಂಚಿಕೆ ಒಬ್ಬರ ಮೇಲೆ ಬಿತ್ತು. ಅವರು ನಮ್ಮ ಪಾವಗಡದ ವರದಿಗಾರ್ತಿ. ಅಲ್ಲಿಯ ಹಳ್ಳಿಗಳಲ್ಲಿ ಅವರನ್ನು ಪೇಪರಮ್ಮ ಎಂದೇ ಕರೆಯುತ್ತಿದ್ದರು. ನಿಡುಗಲ್ ಬೆಟ್ಟದ ಕೆಳಗಿನ ಒಂದು ಊರಿನಲ್ಲಿ ಶುದ್ಧ ನೀರಿನ ಘಟಕ ಉದ್ಘಾಟನೆಯಾಗಿತ್ತು. ರಿಬ್ಬನ್ ಕತ್ತರಿಸಿದ ಮೇಲೆ ಅದಕ್ಕೆ ಬೀಗ ಬಿತ್ತು. ಬೋರ್‌ವೆಲ್ ನೀರು ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮಂಡಿ ಹಿಡಿದುಕೊಳ್ಳುತ್ತದೆ ಎಂಬುದು ಆ ಭಾಗದಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಘಟಕವನ್ನು ತಂದೆನೆಂದು ಹೇಳಿಕೊಂಡ ಜಿಲ್ಲಾ ಪಂಚಾಯಿತಿ ಸದಸ್ಯರು ಮತ್ತೆ ಆ ಕಡೆ ಸುಳಿಯಲಿಲ್ಲ. ಇದನ್ನು ವರದಿಗಾರ್ತಿ ಬಿಡದೆ ಬರೆದರು.

ಆ ವರದಿಗಳು ನನ್ನ ಕೈಯಲ್ಲೇ ಹಾದುಹೋದವು. ಸದಸ್ಯರ ಪ್ರತಿಕ್ರಿಯೆ ಇಲ್ಲದೆ ಮೊದಲನೆಯದನ್ನು ಹಾಕುವುದಿಲ್ಲವೆಂದೆ. ಆಕೆ ಅವರ ಮನೆಗೇ ಹೋಗಿ ಕೇಳಿ ತಂದರು. ಮೋಟಾರು ರಿಪೇರಿಯಲ್ಲಿದೆ ಎಂದಿದ್ದರು, ಅದನ್ನೂ ಹಾಕಿದೆವು. ಆಮೇಲೆ ಊರಿನ ಹೆಂಗಸರೇ ಮುಂದೆ ಬಂದು ಹೆಸರು ಹೇಳಿ ಮಾತಾಡಿದರು. ಅಲ್ಲಿಯ ಅಂಗನವಾಡಿ ಸಹಾಯಕಿ ಬೀಗದ ಪಕ್ಕ ನಿಂತು ಫೋಟೋ ಕೊಟ್ಟರು. ಆ ಕೆಲಸದಲ್ಲಿರುವವರು ಸದಸ್ಯರನ್ನು ಎದುರು ಹಾಕಿಕೊಳ್ಳುವುದು ಹುಡುಗಾಟವಲ್ಲ. “ಹಿಂದೆ ಪೇಪರ್ ಐತೆ, ಹೆದರ್ಬೇಡಿ ಅಂತ ಹೇಳಿದ್ದೀನಿ ಸಾರ್” ಎಂದು ವರದಿಗಾರ್ತಿ ನನಗೆ ಫೋನಿನಲ್ಲಿ ತಿಳಿಸಿದ್ದರು.

ಆ ಸದಸ್ಯರು ಮತ್ತೆ ನಿಂತರು. ಎದುರಿಗೆ ನಿಂತಾಕೆ ಹಿಂದೆ ಗ್ರಾಮ ಪಂಚಾಯಿತಿಯಲ್ಲಿದ್ದು, ಬೇಸಿಗೆಯಲ್ಲಿ ತಾಲ್ಲೂಕು ಕಚೇರಿ ಮುಂದೆ ಕೂತು ಟ್ಯಾಂಕರ್ ತರಿಸಿದವರು.

ಭಾನುವಾರದ ಚೌಕಟ್ಟಿಗಾಗಿ ಸಂಪಾದಕರು ನನ್ನನ್ನು ಕರೆದದ್ದು ಶುಕ್ರವಾರ ಮಧ್ಯಾಹ್ನ, ಊಟವಾದ ಮೇಲೆ. ಮಧುಗಿರಿಯ ಬೆಂಬಲ ಒಂದು ಪಕ್ಷಕ್ಕೆ, ಕೊರಟಗೆರೆಯದು ಎರಡನೆಯದಕ್ಕೆ, ಶಿರಾದ್ದು ಒಬ್ಬ ಪಕ್ಷೇತರರಿಗೆ ಎಂದು ಆಗಲೇ ತೀರ್ಮಾನವಾಗಿತ್ತು. ಉಳಿದ ತಾಲ್ಲೂಕು ಪಾವಗಡ, ಉಳಿದ ಪಕ್ಷ ಆ ಸದಸ್ಯರದು. ಅವರ ಎದುರಿಗೆ ನಿಂತಾಕೆಯದು ಮಧುಗಿರಿಯಲ್ಲಿ ಆಗಲೇ ಬೆಂಬಲ ಪಡೆದಿದ್ದ ಪಕ್ಷ.

“ಮಧುಗಿರಿ ಅಭ್ಯರ್ಥಿಗೆ ಬೆಂಬಲ ಯಾಕೆ ಅಂತ ನೀವೇ ಬರೆಸಿದ್ದೀರಿ ಸಾರ್” ಎಂದೆ. “ಊರೂರಿಗೆ ನೀರಿನ ಘಟಕ ನಡೆಸಿದ್ರು ಅಂತ. ಪಾವಗಡದಲ್ಲಿ ಬೀಗ ಹಾಕಿದೋರನ್ನ ಗೆಲ್ಲಿಸಿ ಅಂತ ಅದೇ ಚೌಕಟ್ಟಲ್ಲಿ ಹೆಂಗೆ ಬರೆಯೋದು?”

“ಪಾವಗಡಕ್ಕೆ ನೀರು ಅಂತ ಬರೀಬೇಡ. ಅನುಭವ ಅಂತ ಬರಿ.”

“ಅಳತೆ ನಾಲ್ಕು ಕಡೆಗೂ ಒಂದೇ ಇರಬೇಕಲ್ವಾ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಳತೆ ಎಲ್ಲಾ ಕಡೆ ಒಂದೇ ಮಡಗಿದ್ರೆ ಫಲಿತಾಂಶ ಒಂದೇ ಕಡೀಕ್ ವಾಲ್ತೈತೆ ಕಣಯ್ಯಾ. ಮಧುಗಿರೀಲೂ ಅದೇ ಪಾರ್ಟಿ, ಪಾವಗಡದಾಗೂ ಅದೇ ಪಾರ್ಟಿ. ಆಮೇಲೆ ಬಸ್ ಸ್ಟ್ಯಾಂಡಿಗೆ ನೀನ್ ಹೋಗ್ತೀಯಾ?”

ಪಾವಗಡದ ಮಟ್ಟಿಗೆ ಯಾರಿಗೂ ಬೆಂಬಲ ಬೇಡ, ಎರಡೂ ಕಡೆಯ ಮಾತು ಹಾಕಿ ಬಿಟ್ಟುಬಿಡೋಣ ಎಂದೆ. ಖಾಲಿ ಬಿಟ್ಟರೆ ಪಾವಗಡದವರು ತಮ್ಮನ್ನು ಪತ್ರಿಕೆ ಲೆಕ್ಕಕ್ಕೇ ಇಟ್ಟಿಲ್ಲವೆಂದು ಬೇಜಾರು ಮಾಡಿಕೊಳ್ಳುತ್ತಾರೆ ಎಂದರು. ಹಾಗಾದರೆ ಮಧುಗಿರಿಯನ್ನು ಬದಲಿಸೋಣವೇ ಎಂದು ಕೇಳುವುದಿತ್ತು. ಕೇಳಲಿಲ್ಲ; ಅಲ್ಲಿಯ ಅಭ್ಯರ್ಥಿ ನಿಜಕ್ಕೂ ಯೋಗ್ಯರಾಗಿದ್ದರು, ಅವರನ್ನು ಬೀಳಿಸಿ ಪಾವಗಡವನ್ನು ಎತ್ತುವುದೂ ಇದೇ ಹಂಚಿಕೆಯ ಇನ್ನೊಂದು ಮುಖವಾಗುತ್ತಿತ್ತು.

ವರದಿಗಾರ್ತಿಗೆ ನಾನೇ ತಿಳಿಸಿದೆ. ಅಚ್ಚಾದ ಮೇಲೆ ನೋಡುವಂತಾಗಬಾರದು ಎನ್ನಿಸಿತು. ಮಾರನೆಯ ದಿನ ಆಕೆ ಮೊದಲ ಬಸ್ಸಿಗೇ ಹೊರಟು ಬಂದು ಸಂಪಾದಕರ ಎದುರು ಕುಳಿತರು. ಸಂಪಾದಕರು ಕಾಫಿ ತರಿಸಿದರು. ತಾವೇ ಲೋಟ ಅವರ ಕಡೆ ಸರಿಸಿದರು.

“ನಿನ್ ವರದೀಲಿ ಒಂದಕ್ಷರ ತೆಗೆದಿದ್ದೀನಾ ಕಣಮ್ಮಾ? ಸದಸ್ಯರು ಎಷ್ಟು ಸಲ ಫೋನ್ ಮಾಡಿದ್ರು, ಹಾಕ್ಬೇಡಿ ಅಂತ. ನಾನು ಹಾಕ್ದೆ. ಹೌದೋ ಅಲ್ವೋ?”

“ಹೌದು ಸಾರ್.”

“ವರದಿ ನಿಂದು, ನಿಲುವು ಪೇಪರಿಂದು. ಎರಡನ್ನೂ ಕಲೆಸಬಾರ್ದು.”

“ಓದೋರಿಗೆ ಎರಡೂ ಒಂದೇ ಕಾಗದದಾಗೆ ಬರ್ತೈತಲ್ಲಾ ಸಾರ್” ಎಂದರು ಆಕೆ. “ಆ ಹೆಂಗಸ್ರಿಗೆ ನಾನು ಏನ್ ಹೇಳ್ಲಿ? ಮಧುಗಿರೀಲಿ ಪಾಲು ಮುಗ್ದೋಗಿತ್ತು ಕಣ್ರಮ್ಮಾ, ಅದಕ್ಕೆ ನಿಮ್ಗೆ ಬೀಗ ಹಾಕಿದೋರು ಬಂದ್ರು ಅನ್ಲಾ?”

ಸಂಪಾದಕರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಜಗಳಕ್ಕೆ ದಾರಿಯಾದರೂ ಇರುತ್ತಿತ್ತು. “ನಿಂಗೆ ಅರ್ಥ ಆಯ್ತದೆ, ನಿಧಾನಕ್ಕೆ” ಎಂದು ಮೆಲ್ಲಗೆ ಹೇಳಿ, ಗೊರವನಹಳ್ಳಿಗೆ ಹೋಗುವ ಬಸ್ಸುಗಳಲ್ಲಿ ನೂಕುನುಗ್ಗಲಾಗುತ್ತಿದೆ, ಆ ಸುದ್ದಿ ಏನಾಯಿತು ಎಂದು ನನ್ನನ್ನು ಕೇಳಿದರು. ಆಕೆ ಎದ್ದರು. ಕಾಫಿ ಹಾಗೇ ಇತ್ತು.

ಚೌಕಟ್ಟು ಭಾನುವಾರ ಬಂತು. ಪಾವಗಡದ ಪಾಲಿಗೆ ಸಂಪಾದಕರು ಹೇಳಿ ಬರೆಸಿದ ವಾಕ್ಯಗಳನ್ನು ಹಾಗೆಯೇ ಕೂರಿಸಿದ್ದೆ. ಸದಸ್ಯರು ಗೆದ್ದರು. ನಮ್ಮ ಚೌಕಟ್ಟು ಓದಿ ಜನ ಮತ ಹಾಕಿದರೆಂದು ನಾನು ಹೇಳಲಾರೆ. ಅವರ ಹಿಂದೆ ಜಾತಿಯಿತ್ತು, ಹಣವಿತ್ತು, ಬಹಳ ದಿನದ ಓಡಾಟವಿತ್ತು. ನಾವು ಬರೆಯದಿದ್ದರೂ ಗೆಲ್ಲುತ್ತಿದ್ದರೋ ಏನೋ. ಗೆಲುವಿನಾಚೆ ನಡೆದದ್ದನ್ನು ಮಾತ್ರ ನಾನು ಕಣ್ಣಾರೆ ನೋಡಿದೆ.

ಫಲಿತಾಂಶವಾಗಿ ಸ್ವಲ್ಪ ದಿನದ ನಂತರ ಒಂದು ರಜೆಯಲ್ಲಿ ವರದಿಗಾರ್ತಿಯ ಜೊತೆ ಆ ಊರಿಗೆ ಹೋದೆ. ಘಟಕದ ಗೋಡೆಗೆ ನಮ್ಮ ಚೌಕಟ್ಟಿನ ದೊಡ್ಡ ಜೆರಾಕ್ಸ್ ಪ್ರತಿ ಅಂಟಿಸಿದ್ದರು. ಬೀಗ ಅದರ ಪಕ್ಕದಲ್ಲೇ ಇತ್ತು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಮುದುಕಿಯೊಬ್ಬರು ತಲೆಯೆತ್ತಿ, “ಏಮ್ಮಾ ಪೇಪರಮ್ಮಾ, ಮಳ್ಳಾ ವಚ್ಚಿನಾವಾ?” ಎಂದರು. ಮತ್ತೆ ಬಂದೆಯಾ ಎಂಬ ಆ ತೆಲುಗು ಪ್ರಶ್ನೆಯಲ್ಲಿ ಪ್ರೀತಿ ಇರಲಿಲ್ಲ. “ಈ ಸಲ ಯಾರ ಕಡೆಯಿಂದ ಬಂದಿದ್ದೀಯ?” ಎಂದು ಕನ್ನಡದಲ್ಲಿ ಸೇರಿಸಿದರು. ಪಕ್ಕದಲ್ಲಿದ್ದವರು ಕಿಸಕ್ಕನೆ ನಕ್ಕರು.

ಅಂಗನವಾಡಿ ಸಹಾಯಕಿ ಮನೆಯಿಂದ ಹೊರಗೆ ಬಂದರು. ನಮ್ಮನ್ನು ಒಳಕ್ಕೆ ಕರೆಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡಿದರು.

“ನನ್ ಫೋಟೋ ಹಾಕ್ದೆ ನೀನು. ಈಗ ಅವರ ಕಡೆ ಹುಡುಗ್ರು ಆ ಫೋಟೋನೂ ತೋರುಸ್ತಾರೆ, ಗೋಡೆ ಮೇಲಿಂದೂ ತೋರುಸ್ತಾರೆ. ‘ನೋಡಮ್ಮಾ, ನೀನ್ ಹೇಳಿದ್ದು ಸುಳ್ಳು ಅಂತ ನಿನ್ ಪೇಪರ್ನೋರೇ ಒಪ್ಕೊಂಡವ್ರೆ’ ಅಂತಾರೆ. ನಾನು ಸುಳ್ಳು ಹೇಳಿದ್ನಾ? ನೀನೇ ಹೇಳು.”

“ಇಲ್ಲ ಅಕ್ಕಾ.”

“ಅಂಗಾದ್ರೆ ಅದನ್ನ ಪೇಪರ್ನಾಗೆ ಹಾಕು.”

ವರದಿಗಾರ್ತಿ ನನ್ನ ಮುಖ ನೋಡಿದರು. ಅದು ಸುದ್ದಿಯಲ್ಲ, ಹಾಕಬೇಕಾದರೆ ಸಂಪಾದಕರು ಹಾಕಬೇಕು, ಅವರು ಹಾಕುವುದಿಲ್ಲ. ಆದರೂ “ಪ್ರಯತ್ನ ಮಾಡ್ತೀವಿ” ಎಂದೆ. ಸಹಾಯಕಿ ನನ್ನನ್ನು ಆಗ ಮೊದಲ ಬಾರಿ ನೋಡಿದರು. “ನೀವ್ಯಾರು ಸ್ವಾಮಿ?” ಎಂದರು. ಪೇಪರಿನವನು ಎಂದೆ. “ಓ” ಎಂದು ಒಳಗೆ ಹೋದರು.

ಕಚೇರಿಗೆ ಬಂದು ಕೇಳಿದೆ. ವರದಿ ಸರಿಯಾಗಿತ್ತು, ಅದಕ್ಕೆ ಪತ್ರಿಕೆ ಬದ್ಧ ಎಂಬ ಒಂದೆರಡು ಸಾಲು ಸಾಕು ಎಂದೆ. ಸಂಪಾದಕರು ಯೋಚಿಸಿದರು, ಯೋಚಿಸಿದಂತೆ ನಟಿಸಲಿಲ್ಲ. “ಪಾವಗಡಕ್ಕೆ ಕೊಟ್ರೆ ಮಿಕ್ಕ ಮೂರು ಕಡೇಲೂ ಸೋತೋರು ಕೇಳ್ತಾರೆ. ಎಲ್ಲರಿಗೂ ಕೊಡಕ್ಕಾಯ್ತದಾ? ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅಂದ್ರೆ ಅದು ಪಕ್ಷಪಾತ ಅಲ್ವೇನಯ್ಯಾ?” ಎಂದರು. ಆ ವಾದವನ್ನು ಅದರ ಒಳಗಿನಿಂದ ಮುರಿಯಲು ನನಗೆ ಆಗಲಿಲ್ಲ. ಹೊರಗಿನಿಂದ ಹೇಳಿದ್ದು ಅವರಿಗೆ ಕೇಳಲಿಲ್ಲ.

ಅದಾದ ಮೇಲೆ ವರದಿಗಾರ್ತಿ ಫೋನ್ ಮಾಡಿ, ಇನ್ನು ಮುಂದೆ ಸುದ್ದಿಯ ಮೇಲೆ ತಮ್ಮ ಹೆಸರು ಹಾಕಬೇಡಿ ಎಂದರು. ಕೆಲಸ ಬಿಡುತ್ತೀರಾ ಎಂದು ಕೇಳಿದೆ. “ಬಿಟ್ಬುಟ್ಟು ಏನ್ ಮಾಡ್ಲಿ ಸಾರ್? ಕಳಿಸ್ತೀನಿ. ಸಂತೆ ಧಾರಣೆ, ಅಪಘಾತ, ಶಾಲೆ ಫಂಕ್ಷನ್ನು. ಯಾರೂ ನನ್ನ ನಂಬಿ ಹೇಳ್ಬೇಕಾಗಿಲ್ಲದ್ದು” ಎಂದರು.

ಹಾಗೆಯೇ ಕಳಿಸುತ್ತಾರೆ. ಸಮಯಕ್ಕೆ ಸರಿಯಾಗಿ, ತಪ್ಪಿಲ್ಲದೆ. ಜಿಲ್ಲಾ ಪಂಚಾಯಿತಿಗೆ ಅಂದಿನಿಂದ ಮತ್ತೆ ಚುನಾವಣೆಯೇ ನಡೆದಿಲ್ಲ. ಸದಸ್ಯರ ಅವಧಿ ಮುಗಿದು ವರ್ಷಗಳಾದವು, ಅವರು ಮಾಜಿಗಳಾದರು, ಅವರನ್ನು ಕೇಳುವವರೂ ಇಲ್ಲ. ಬೆಟ್ಟದ ಕೆಳಗಿನ ಆ ಊರಿನ ಹೆಸರು ನಮ್ಮ ಪತ್ರಿಕೆಯಲ್ಲಿ ಆಮೇಲೆ ಬಂದಿಲ್ಲ. ಅಲ್ಲಿಯ ಜನ ಈಗ ಯಾವ ನೀರು ಕುಡಿಯುತ್ತಿದ್ದಾರೆ ಎಂದು ಯಾರಾದರೂ ಕೇಳಿದರೆ, ನನ್ನ ಬಳಿ ದಾಖಲೆಯಿಲ್ಲ.