ಮಂಕು ದೀಪದ ಮುನಿರಾಜಪ್ಪ

ಪುಟ್ಟೇನಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ ಸಂಜೆ ಹೊತ್ತು ಮುಳುಗುವಾಗ ಎತ್ತರದ ಮುದುಕರೊಬ್ಬರು ಕೈ ಅಡ್ಡ ಹಿಡಿದು ಕಾರು ನಿಲ್ಲಿಸುತ್ತಿದ್ದರು. ಬಿಳಿ ಪಂಚೆ, ತೋಳು ಮಡಚಿದ ಷರ್ಟು, ಹೆಗಲ ಮೇಲೊಂದು ಚೌಕಳಿ ಟವೆಲು. ಹೊಸಬರು ಇವರು ಲಿಫ್ಟ್ ಕೇಳುತ್ತಿದ್ದಾರೆ ಎಂದುಕೊಂಡು ಗಾಜು ಇಳಿಸುತ್ತಿದ್ದರು. ಇವರು ಕಾರಿನ ಮುಂದೆ ಬಗ್ಗಿ, ಜ್ವರ ನೋಡುವವರ ಹಾಗೆ ಹೆಡ್‌ಲೈಟಿನ ಮೇಲೆ ಅಂಗೈ ಇಟ್ಟು ಹೇಳುತ್ತಿದ್ದರು: "ದೀಪ ಮಂಕಾಗೈತೆ ಕಣಪ್ಪ. ನಾಳೆ ಬೆಳಿಗ್ಗೆ ನಮ್ಮ ಶೆಡ್ಡಿಗೆ ತಗೊಂಡ್ ಬಾ, ಉಜ್ಜಿ ಕೊಡ್ತೀನಿ. ಕಾಸೇನ್ ಬ್ಯಾಡ."

ಮುಕ್ಕಾಲು ಪಾಲು ಜನ ನಗುತ್ತಲೋ ಗೊಣಗುತ್ತಲೋ ಹೋಗಿಬಿಡುತ್ತಿದ್ದರು. ಬೀದಿಯಲ್ಲಿ ಅವರಿಗೆ 'ಲೈಟ್ ತಾತ' ಅಂತ ಹೆಸರು ಬಿದ್ದಿತ್ತು. ತಲೆ ಸರಿಯಿಲ್ಲ ಅನ್ನುವವರೂ ಇದ್ದರು. ತಲೆ ಸರಿಯಾಗಿಯೇ ಇತ್ತು. ನನಗೆ ಗೊತ್ತು, ಏಕೆಂದರೆ ಅದೆಲ್ಲ ಶುರುವಾದ ಸಂಜೆ ಅವರ ಕಾರಿನಲ್ಲಿ, ಅವರ ಪಕ್ಕದ ಸೀಟಿನಲ್ಲಿ ನಾನು ಕೂತಿದ್ದೆ.

ನಾನು ಜಯನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಆಗ ಈ ಮುನಿರಾಜಪ್ಪನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಪುಟ್ಟೇನಹಳ್ಳಿ ಹಳ್ಳಿಯಾಗಿಯೇ ಇದ್ದಾಗಿನ ಮನೆತನ ಅವರದು. ಈಗ ಅಪಾರ್ಟ್‌ಮೆಂಟು ನಿಂತಿರುವ ಜಾಗದಲ್ಲಿ ಅವರಪ್ಪ ರಾಗಿ, ಸೊಪ್ಪು ಬೆಳೆಯುತ್ತಿದ್ದರಂತೆ. "ಅಗೋ ಅಲ್ಲಿ, ಆ ಜಿಮ್ ಐತಲ್ಲ ಟೀಚರಮ್ಮ, ಅಲ್ಲಿ ನಮ್ಮ ಬಾವಿ ಇತ್ತು. ಈಗ ಜನ ಕಾಸು ಕೊಟ್ಟು ಅಲ್ಲಿ ಭಾರ ಎತ್ತುತಾರೆ. ನಮ್ಮಪ್ಪ ಬಿಟ್ಟಿಯಾಗಿ ನೀರು ಎತ್ತುತಿದ್ದ," ಎಂದು ಗೇಟಿನ ಬಳಿ ನಿಂತು ನಗುತ್ತಿದ್ದರು. ಮಾತೆಂದರೆ ಬಲು ಇಷ್ಟ. ನೀರಿನ ಮೋಟಾರ್ ಸ್ವಿಚ್ ಹಾಕಲು ಮಹಡಿ ಹತ್ತಿ ಬಂದವರು ಸೊಪ್ಪಿನ ಸಾರಿನ ವಿಷಯಕ್ಕೆ ಹೋಗಿ, ಅಲ್ಲಿಂದ ಬಿಬಿಎಂಪಿಯವರನ್ನು ಬೈದು, ಮೋಟಾರ್ ಹಾಕುವುದನ್ನೇ ಮರೆತು ಇಳಿದು ಹೋಗುತ್ತಿದ್ದರು. ಅವರ ಹೆಂಡತಿ ಜಯಮ್ಮ ಕೆಳಗಿನಿಂದ ಕೂಗುತ್ತಿದ್ದರು, "ಆ ಯಮ್ಮನ್ನ ಸ್ಕೂಲಿಗೆ ಹೋಗಕ್ಕೆ ಬಿಡಿ ಅತ್ಲಾಗೆ."

ಅವರ ಕಾರು ಹಳೆಯದು, ಬಿಳಿಯದು. ಮಗ ಸುರೇಶ ಹೊಸದು ಕೊಳ್ಳೋಣ ಎಂದಾಗಲೆಲ್ಲ "ನನ್ನ ಜೊತೆಗೆ ಮುಪ್ಪಾಗೈತೆ, ಇರ್ಲಿ ಬಿಡು" ಎನ್ನುತ್ತಿದ್ದರು. ವರ್ಷಗಟ್ಟಲೆ ಬಿಸಿಲಿಗೆ ನಿಂತು ಅದರ ಹೆಡ್‌ಲೈಟುಗಳ ಮುಖ ಹಳದಿಯಾಗಿ, ಮೇಲೆ ಹಾಲಿನ ಕೆನೆ ಕಟ್ಟಿದಂತಾಗಿತ್ತು. ಒಳಗೆ ಬಲ್ಬು ಉರಿದರೂ ಬೆಳಕು ಹೊರಗೆ ಬರುತ್ತಿರಲಿಲ್ಲ. ಜಯಮ್ಮ ಎಷ್ಟೋ ಸಲ ಹೇಳಿದ್ದರು. "ಹಗಲು ಹೊತ್ತು ಓಡ್ಸೋ ಕಾರಿಗೆ ದೀಪ ಯಾಕೆ?" ಅನ್ನುವುದು ಇವರ ಉತ್ತರ.

ಅವತ್ತು ಅವರು ಬನಶಂಕರಿಯ ನೆಂಟರ ಮನೆಯಿಂದ ಹೊರಡುವುದು ತಡವಾಗಿತ್ತು. ನಾನು ಬಸ್‌ಸ್ಟಾಪಿನಲ್ಲಿ ಜಿನುಗು ಮಳೆಗೆ ನಿಂತಿದ್ದೆ. ಕಾರು ನಿಲ್ಲಿಸಿ "ಬನ್ನಿ ಟೀಚರಮ್ಮ, ನೆನೀಬೇಡಿ" ಎಂದು ಕರೆದರು. ಕೆರೆಯ ರಸ್ತೆಗೆ ತಿರುಗಿದಾಗ ಬೀದಿದೀಪ ಇನ್ನೂ ಹತ್ತಿರಲಿಲ್ಲ, ಆಕಾಶದಲ್ಲಿ ಬೆಳಕು ಉಳಿದಿರಲಿಲ್ಲ. ನಿಧಾನವಾಗಿಯೇ ಓಡಿಸುತ್ತಿದ್ದರು. ಏನೋ ಹೇಳುತ್ತಲೂ ಇದ್ದರು. ಎದುರಿಗೆ ಹಳದಿ ಮಬ್ಬು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ಆ ಸದ್ದು. ದೊಡ್ಡ ಸದ್ದೇನಲ್ಲ. ಅದು ಮನುಷ್ಯರು ಎಂದು ನನಗೆ ಗೊತ್ತಾಗಿದ್ದು ಬಾನೆಟ್ಟಿನ ಮೇಲೆ ಸಬ್ಬಸಿಗೆ ಸೊಪ್ಪು ಚೆಲ್ಲಿದ್ದು ನೋಡಿದ ಮೇಲೆ.

ಆಕೆ ರತ್ನಮ್ಮ. ಸೊಪ್ಪಿನ ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತಿ, ಉಳಿದದ್ದನ್ನು ಹಿಡಿದು ಮನೆಗೆ ಹೋಗುತ್ತಿದ್ದಳು. ಮುನಿರಾಜಪ್ಪನವರಿಗೆ ಆಕೆ ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಗೊತ್ತು. ಅವರ ಹೊಲದ ಸೊಪ್ಪನ್ನೇ ಆಕೆಯ ತಾಯಿ ಮಾರುತ್ತಿದ್ದದ್ದು. ನಾವಿಬ್ಬರೂ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಆಸ್ಪತ್ರೆ ಸೇರುವವರೆಗೂ ಅವರು "ರತ್ನೀ, ನಾನು ಕಣವ್ವ, ಮುನಿರಾಜು, ಕಣ್ ಬಿಡು" ಎಂದು ಹಿಂದೆ ತಿರುಗಿ ತಿರುಗಿ ಹೇಳುತ್ತಲೇ ಇದ್ದರು. ಡಾಕ್ಟರು ಹೊರಗೆ ಬಂದು ಜೀವ ಹೋಗಿದೆ ಎಂದರು. ಮುನಿರಾಜಪ್ಪ ಅಲ್ಲಿಂದ ನೇರವಾಗಿ ತಾವೇ ಸ್ಟೇಷನ್ನಿಗೆ ಹೋದರು; ರಾತ್ರಿ ಜಾಮೀನಿನ ಮೇಲೆ ಮನೆಗೆ ಬಿಟ್ಟರು.

ಕಾರು ಆಸ್ಪತ್ರೆಯ ಮುಂದೆಯೇ ಉಳಿದಿತ್ತು. ಸುರೇಶ ಅದನ್ನು ಮನೆಗೆ ತಂದ. ಪೊಲೀಸರು ಮಾರನೆಯ ದಿನ ಮಧ್ಯಾಹ್ನ ನೋಡಲು ಬರುವವರಿದ್ದರು. ಬೆಳಿಗ್ಗೆ ಶೆಡ್ಡಿನಲ್ಲಿ ಸದ್ದಾಯಿತು, ಒಬ್ಬ ಮೆಕ್ಯಾನಿಕ್ ಬಂದು ಹೋದ. ನಾನು ಹೇಳಿಕೆ ಕೊಡಲು ಸ್ಟೇಷನ್ನಿಗೆ ಹೊರಟು ಕೆಳಗೆ ಇಳಿದಾಗ ಮುನಿರಾಜಪ್ಪ ಕಾರಿನ ಮುಂದೆ ನಿಂತಿದ್ದರು. ಎರಡೂ ಹೆಡ್‌ಲೈಟು ಹೊಚ್ಚ ಹೊಸವು, ನೀರಿನಂತೆ ತಿಳಿಯಾಗಿದ್ದವು.

"ಯಾರನ್ನ ಕೇಳಿ ಹಾಕಿಸ್ದೆ?" ಎಂದರು ಮಗನಿಗೆ.

"ಲಾಯರ್ ಹೇಳಿದ್ರು ಅಪ್ಪ. ಗಾಡಿ ಕಂಡೀಷನ್ ಚೆನ್ನಾಗಿತ್ತು, ಆಯಮ್ಮ ತಟ್ಟಂತ ಅಡ್ಡ ಬಂದ್ಲು ಅಂತ ಆದ್ರೆ ಕೇಸ್ ನಿಲ್ಲಲ್ಲ. ನೀನು ಏನೂ ಮಾತಾಡ್ಬೇಡ, ಅಷ್ಟೇ."

"ಹಳೇವು ಎಲ್ಲಿ ಅವೆ?"

ಸುರೇಶ ಶೆಡ್ಡಿನ ಒಳಗೆ ತಿರುಗಿ ನೋಡಿದ. ಮೂಲೆಯಲ್ಲಿ ಗೋಣಿಚೀಲವಿತ್ತು. ಮುನಿರಾಜಪ್ಪ ಅದನ್ನು ಬಿಚ್ಚಿ, ಎರಡು ಹಳೆಯ ಹೆಡ್‌ಲೈಟನ್ನೂ ತೆಗೆದರು. ಒಂದು ಒಡೆದಿತ್ತು. ಎರಡನ್ನೂ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಸುರೇಶ ಗೇಟಿಗೆ ಅಡ್ಡ ನಿಂತ. "ಜೈಲಿಗೆ ಹೋಗ್ತೀಯ ಅಪ್ಪ ಈ ವಯಸ್ಸಲ್ಲಿ. ನಮ್ಮ ಗತಿ ಯೋಚ್ನೆ ಮಾಡಿದೀಯಾ?" ಎಂದ. ಅಪ್ಪನನ್ನು ಉಳಿಸಿಕೊಳ್ಳಲು ಹೊರಟವನು ಅವನು, ಕೆಟ್ಟವನಲ್ಲ. ಮುನಿರಾಜಪ್ಪ ಮಗನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ನಡೆದರು. ನಾನು ಹಿಂದೆ ಹೋದೆ.

ಸ್ಟೇಷನ್ನಿನಲ್ಲಿ ಟವೆಲು ಬಿಚ್ಚಿ ಮೇಜಿನ ಮೇಲಿಟ್ಟಾಗ ಇನ್ಸ್‌ಪೆಕ್ಟರ್ "ಏನ್ ಯಜಮಾನ್ರೆ ಇದು?" ಎಂದರು.

"ನಿನ್ನೆ ಇದ್ದ ದೀಪ ಸಾರ್ ಇವು. ಕಾರಲ್ಲಿರೋವು ಇವತ್ತಿನ್ವು."

"ಮಂಕಾಗಿತ್ತು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್. ಬರ್ಕೊಳ್ಳಿ."

ಆ ದಿನದಿಂದ ಸುರೇಶ ಅಪ್ಪನ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಅಡುಗೆ. ತಟ್ಟೆ ಹಿಡಿದು ಒಬ್ಬರು ಹಜಾರದಲ್ಲಿ, ಒಬ್ಬರು ಒಳಗೆ. ಜಯಮ್ಮ ಇಬ್ಬರ ನಡುವೆ ಓಡಾಡಿ ಸೋತರು.

ರತ್ನಮ್ಮನ ತಿಥಿಯ ದಿನ ಮುನಿರಾಜಪ್ಪ ಆಕೆಯ ಮನೆಗೆ ಹೋಗಿದ್ದರು. ಬೇಡ ಎಂದು ಎಲ್ಲರೂ ಹೇಳಿದ್ದರು. ಹಿಂದಿರುಗಿ ಬಂದವರು ಮಹಡಿ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದರು. "ಅವಳ ಗಂಡ ಚೇರ್ ಹಾಕ್ದ. ಕೂತೆ. ಕುಡಿಯಕ್ಕೆ ನೀರ್ ಕೊಟ್ಟ. ಬೈದಿದ್ರೆ ಎದ್ ಬರ್ಬೋದಾಗಿತ್ತು ಟೀಚರಮ್ಮ. ಹೊಡೆದಿದ್ರೂ ಸರಿ. ನೀರ್ ಕೊಟ್ಬುಟ್ಟ." ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಾರು ಸ್ಟೇಷನ್ನಿಂದ ಬಿಡುಗಡೆಯಾಗಿ ಬಂದಮೇಲೆ ಅದನ್ನು ಮಾರಿದರು, ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಖಾಲಿಯಾದ ಶೆಡ್ಡಿನಲ್ಲಿ ಒಂದು ಮಣೆ, ಬಕೆಟ್ಟು ನೀರು, ಉಜ್ಜುವ ಕಾಗದ ಇಟ್ಟುಕೊಂಡು ಈ ಕೆಲಸ ಶುರು ಮಾಡಿದರು. ತಿಲಕ್ ನಗರದ ಒಂದು ಗ್ಯಾರೇಜಿನಲ್ಲಿ ಎಷ್ಟೋ ದಿನ ಕೂತು ನೋಡಿ ಕಲಿತದ್ದು. ಮೊದಮೊದಲು ಅವರೂ ಹಲ್ಲುಪೇಸ್ಟ್ ಹಚ್ಚಿ ಉಜ್ಜಿದವರೇ. ಆಮೇಲೆ ಯಾರಾದರೂ ಪೇಸ್ಟಿನ ಮಾತೆತ್ತಿದರೆ, "ಅದು ಮದುವೆ ಮನೆ ಪೌಡರ್ ಇದ್ದಂಗೆ. ಎರಡು ಮಳೆಗೆ ಹೋಯ್ತದೆ" ಎನ್ನುತ್ತಿದ್ದರು.

ಬೆಳಿಗ್ಗೆ ಯಾರಾದರೂ ನಿಜವಾಗಿ ಬಂದರೆ ಅವರ ಮುಖ ಬದಲಾಗುತ್ತಿತ್ತು. ಬಣ್ಣಕ್ಕೆ ಗೀರು ಬೀಳದಂತೆ ಸುತ್ತ ಟೇಪು ಅಂಟಿಸಿ, ಒರಟು ಕಾಗದ ನೀರಲ್ಲಿ ಅದ್ದಿ ಒಂದೇ ದಿಕ್ಕಿಗೆ ಉಜ್ಜುತ್ತಿದ್ದರು. ಹಳದಿ ನೀರು ಇಳಿಯುತ್ತಿತ್ತು. ಆಮೇಲೆ ನಯವಾದ ಕಾಗದ, ಅದಕ್ಕಿಂತ ನಯವಾದದ್ದು. ಅರ್ಧ ಕೆಲಸದಲ್ಲಿ ಹೆಡ್‌ಲೈಟು ಮೊದಲಿಗಿಂತ ಬೆಳ್ಳಗೆ ಕುರುಡಾಗಿ ಕಾಣುತ್ತಿತ್ತು, ಕಾರಿನವರು ಗಾಬರಿಯಾಗುತ್ತಿದ್ದರು. "ತಾಳಪ್ಪ, ಗಾಯ ತೊಳೆದಾಗ ಉರಿಯೋದೇ" ಎಂದು ಪಾಲಿಷ್ ಹಚ್ಚಿ ಹಳೆ ಬನಿಯನ್ ಬಟ್ಟೆಯಲ್ಲಿ ತಿಕ್ಕಿದರೆ ನಿಧಾನವಾಗಿ ಒಳಗಿನ ಬಲ್ಬು ಕಾಣತೊಡಗುತ್ತಿತ್ತು. ಕೊನೆಗೆ ಬಿಸಿಲಿಗೆ ಮತ್ತೆ ಕೆಡದಂತೆ ಮೇಲೊಂದು ಪದರ ವಾರ್ನಿಷ್. ಒಳಗೇ ನೀರು ಸೇರಿ ಮಂಜು ಕಟ್ಟಿದ್ದರೆ ಮಾತ್ರ "ಇದಕ್ಕೆ ನನ್ನ ಕೈಲಿ ಆಗಲ್ಲ, ಬದಲಾಯ್ಸು, ಇವತ್ತೇ ಬದಲಾಯ್ಸು" ಎಂದು ಪಟ್ಟು ಹಿಡಿಯುತ್ತಿದ್ದರು. ಮೊದಲಿನ ಹರಟೆ ಪೂರ್ತಿ ನಿಂತುಹೋಗಿತ್ತು. ಕೆಲಸದ ಮಾತು ಬಿಟ್ಟರೆ ಬೇರೆ ಇಲ್ಲ.

ಒಂದು ಸಂಜೆ ನಾನು ಶಾಲೆಯಿಂದ ಬರುವಾಗ ಅವರು ಒಂದು ಕಾರು ನಿಲ್ಲಿಸಿದ್ದರು. ಓಡಿಸುತ್ತಿದ್ದವನು ಅದೇ ಊರಿನವನು, ನಡುವಯಸ್ಸಿನವನು, ಎಲ್ಲ ಗೊತ್ತಿದ್ದವನು. ಜನರ ಎದುರಿಗೆ ಕಾರಿನಿಂದ ಇಳಿದು, "ಒಬ್ಬಳನ್ನ ಕೊಂದ್ಬಿಟ್ಟು ಈಗ ಊರಿಗೆಲ್ಲ ಬುದ್ಧಿ ಹೇಳಕ್ ನಿಂತಿದೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?" ಎಂದ. ಸೊಪ್ಪು, ಹಣ್ಣು ಕೊಳ್ಳುತ್ತಿದ್ದವರೆಲ್ಲ ತಿರುಗಿ ನೋಡಿದರು.

ಮುನಿರಾಜಪ್ಪನವರ ಮುಖದಲ್ಲಿ ಕೋಪ ಕಾಣಲಿಲ್ಲ. "ಹೂಂ ಕಣಪ್ಪ, ಕೊಂದೆ," ಎಂದರು. "ಅದಕ್ಕೇ ನಿಂಗೆ ಹೇಳ್ತಾ ಇರೋದು. ಕೊಂದಿಲ್ದಿರೋನು ಹೇಳಿದ್ರೆ ನೀನು ಕೇಳ್ತಿದ್ಯಾ?"

ಆತ ಬಾಗಿಲು ಬಡಿದುಕೊಂಡು ಹೋದ. ಬೆಳಿಗ್ಗೆ ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ.

ಕೇಸು ವರ್ಷಗಟ್ಟಲೆ ಎಳೆಯಿತು. ಸುರೇಶ ಇಟ್ಟ ವಕೀಲರು ವಾಯಿದೆಯ ಮೇಲೆ ವಾಯಿದೆ ತೆಗೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ನಾನು ಮನೆ ಬದಲಾಯಿಸಿ ಕತ್ರಿಗುಪ್ಪೆಗೆ ಹೋಗಿದ್ದೆ. ಸಾಕ್ಷಿ ಹೇಳಲು ಕರೆ ಬಂದ ದಿನ ಅವರನ್ನು ಮತ್ತೆ ನೋಡಿದೆ. ಅದೇ ಕೊನೆ. ಅದಾದ ಮೇಲೆ ಅವರು ಬಹಳ ದಿನ ಬದುಕಲಿಲ್ಲ. ಎದೆಗೆ ಕಫ ಕಟ್ಟಿ ಮಲಗಿದವರು ಏಳಲಿಲ್ಲ ಎಂದು ಜಯಮ್ಮ ಫೋನಿನಲ್ಲಿ ಹೇಳಿದರು. ಬಾಯಿಗೆ ನೀರು ಬಿಡುವಾಗ ಸುರೇಶ "ಅಪ್ಪ" ಅಂದನಂತೆ. ಅವರಿಗೆ ಕೇಳಿಸಿತೋ ಇಲ್ಲವೋ ಆಕೆಗೆ ಗೊತ್ತಿಲ್ಲ.

ಆ ಸಾಕ್ಷಿಯ ದಿನ ಕೋರ್ಟಿನಲ್ಲಿ ನನ್ನನ್ನು ಕರೆಯುವ ಮೊದಲೇ ಮುನಿರಾಜಪ್ಪ ಎದ್ದು ನಿಂತರು. ವಕೀಲರು ಕೋಟಿನ ಮರೆಯಲ್ಲಿ ಅವರ ಕೈ ಜಗ್ಗಿದರು. "ಸ್ವಾಮಿ, ತಪ್ಪು ನಂದೇ. ಟೀಚರಮ್ಮನ್ನ ಯಾಕೆ ಕೇಳ್ತೀರಿ. ಶಿಕ್ಷೆ ಕೊಟ್ಬುಡಿ," ಎಂದರು. ಜೈಲಿಗೆಂದು ಸಿದ್ಧವಾಗಿಯೇ ಬಂದಿದ್ದರು. ಕೈಚೀಲದಲ್ಲಿ ಎರಡು ಪಂಚೆ, ಒಂದು ಕಂಬಳಿ, ಗುಳಿಗೆಗಳು. ನ್ಯಾಯಾಧೀಶರು ಬಹಳ ಹೊತ್ತು ಕಾಗದ ಓದಿದರು. ವಯಸ್ಸು ನೋಡಿ, ತಾವಾಗಿ ಒಪ್ಪಿಕೊಂಡದ್ದು ನೋಡಿ, ದಂಡ ಮತ್ತು ಅವತ್ತು ಕಲಾಪ ಮುಗಿದು ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆ ಕೊಟ್ಟರು. ವಕೀಲರು ಗೆದ್ದವರಂತೆ ಉಸಿರು ಬಿಟ್ಟರು.

ಹಿಂದಿನ ಬೆಂಚಿನಲ್ಲಿ ಅವರ ಪಕ್ಕ ನಾನೂ ಕೂತೆ. ಬೇರೆ ಬೇರೆ ಕೇಸು ಬಂದವು, ಹೋದವು. ಊಟಕ್ಕೆ ಕರೆದರೆ ಅಲ್ಲಾಡಲಿಲ್ಲ, ನೀರು ಕುಡಿಯಲಿಲ್ಲ. ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಸಂಜೆ ನ್ಯಾಯಾಧೀಶರು ಎದ್ದು ಒಳಗೆ ಹೋದರು, ಜನ ಕರಗಿದರು. ಕೋರ್ಟಿನ ಜವಾನ ಬಂದು "ಮುಗೀತು ಯಜಮಾನ್ರೆ, ಮನೆಗೆ ಹೋಗಿ" ಎಂದ.

ಮುನಿರಾಜಪ್ಪ ನನ್ನ ಕಡೆ ತಿರುಗಿದರು. "ಇಷ್ಟೇನಾ?" ಎಂದರು.

ಜವಾನ ಫ್ಯಾನು ಆರಿಸಿದ, ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದ. ಅವರು ಕೂತೇ ಇದ್ದರು. ಕೊನೆಗೆ ಅವನೊಂದು ಕಡೆ, ನಾನೊಂದು ಕಡೆ ತೋಳು ಹಿಡಿದು ಎಬ್ಬಿಸಬೇಕಾಯಿತು.