ಅಂಗಡಿಯಮ್ಮ ಆರಿಸಿಕೊಟ್ಟ ಕಪ್ಲಿಂಗು

ಹೋದ ವಾರ ಅಡುಗೆಮನೆಯ ನೀರಿನ ಫಿಲ್ಟರಿಗೆ ಹೊಸ ಪೈಪು ಹಾಕಬೇಕಾಯಿತು. ಸುರುಳಿ ಬಿಚ್ಚುತ್ತಿದ್ದಂತೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು. ದೇವನಹಳ್ಳಿಯ ಆ ಇಕ್ಕಟ್ಟಾದ ಹಾರ್ಡ್‌ವೇರ್ ಅಂಗಡಿ, ಕಿರುಬೆರಳು ತೂರಿಸಿಯೇ ನಲ್ಲಿಯ ಅಳತೆ ಹೇಳುತ್ತಿದ್ದ ಅಂಗಡಿಯಮ್ಮ…

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಬೆಂಗಳೂರಿನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದೆ. ದಿನಾ ದೇವನಹಳ್ಳಿ ಪಕ್ಕದ ನಮ್ಮೂರು ಕುಂದಾಣದಿಂದ ಓಡಾಟ. ಮನೆಯ ಹಿಂದೆ ಅಪ್ಪ ಹಾಕಿದ್ದ ಕಪ್ಪು ದ್ರಾಕ್ಷಿಯ ಚಪ್ಪರವಿತ್ತು. ಮಳೆಗೆ ಬಿರಿದ ಹಣ್ಣನ್ನು ಮಂಡಿಯವರು ಮುಟ್ಟುತ್ತಿರಲಿಲ್ಲ. ಅದನ್ನು ತಿಪ್ಪೆಗೆ ಸುರಿಯಲು ಮನಸ್ಸಾಗದೆ, ಜೊತೆಯಲ್ಲಿ ಕೆಲಸ ಮಾಡುವವನೊಬ್ಬನಿಂದ ವೈನು ಮಾಡುವುದನ್ನು ಕಲಿತೆ.

ಎರಡು ವರ್ಷ ಮಾಡಿದೆ. ಎರಡು ವರ್ಷವೂ ಹುಳಿಯಾಯಿತು. ರಸ ಹುದುಗಿಸಿದ ಡ್ರಮ್ಮಿನ ತಳದಲ್ಲಿ ಗಸಿ ನಿಲ್ಲುತ್ತದೆ. ಮೇಲಿನ ತಿಳಿಯನ್ನು ಮಾತ್ರ ಪೈಪಿನಲ್ಲಿ ಗಾಜಿನ ಜಾಡಿಗಳಿಗೆ ಇಳಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಗಾಳಿ ಸೇರಿದರೆ ಕೆಟ್ಟಿತು. ನನ್ನದು ತೋಟಕ್ಕೆ ನೀರು ಬಿಡುವ ಹಸಿರು ಪೈಪು, ತಂತಿ ಸುತ್ತಿದ ಜೋಡಣೆ. ಒಂದು ಜಾಡಿ ತುಂಬಿ ಇನ್ನೊಂದಕ್ಕೆ ಬದಲಾಯಿಸುವಷ್ಟರಲ್ಲಿ ಅದು ಗೊಳಗೊಳ ಎಂದು ಗಾಳಿ ಎಳೆದುಕೊಳ್ಳುತ್ತಿತ್ತು. ಮೂರನೆಯ ವರ್ಷ ಹಣ್ಣು ಹಿಸುಕುವಾಗ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು:

"ಈ ಸಲಾನೂ ಹುಳಿಯಾದ್ರೆ ಡ್ರಮ್ಮು ಹಸುಗಳ ಕಲಗಚ್ಚಿಗೆ. ಆಮೇಲೆ ವೈನು ಗೀನು ಅಂತ ಬಾಯಿ ಬಿಡಂಗಿಲ್ಲ ನೀವು."

ಹಳೆಯ ಪೈಪಿನ ತುಂಡು ಹಿಡಿದು ಅಂಗಡಿಗೆ ಹೋದೆ. ಗಂಡ ತೀರಿಕೊಂಡ ಮೇಲೆ ಅಂಗಡಿಯಮ್ಮ ಒಬ್ಬರೇ ಅದನ್ನು ನಡೆಸುತ್ತಿದ್ದರು. ಹೆಂಗಸಿಗೆ ಪೈಪಿನ ವಿಷಯ ಏನು ಗೊತ್ತು ಎಂದು ಆಡಿಕೊಳ್ಳುವವರಿದ್ದರು. ನನಗೂ ಒಳಗೊಳಗೆ ಆ ಅನುಮಾನವಿತ್ತು. ಸುಳ್ಳೇಕೆ ಹೇಳಲಿ…

ಹಿತ್ತಾಳೆಯ ಜಾಯಿಂಟೊಂದನ್ನು ಕೈಗೆತ್ತಿಕೊಂಡು, ಇದು ಬೇಕು ಎಂದೆ.

"ಇದರಲ್ಲಿ ಏನಪ್ಪಾ ಹರಿಯೋದು?"

"ನೀರಮ್ಮ."

ಅವರು ಪೈಪಿನ ತುಂಡನ್ನು ಮೂಸಿ ನೋಡಿದರು. ಮುಖದಲ್ಲಿ ಸಣ್ಣ ನಗು. "ನಿಮ್ಮೂರಲ್ಲಿ ನೀರಿಗೆ ದ್ರಾಕ್ಷಿ ವಾಸ್ನೆ ಬರುತ್ತಾ?"

ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿಲ್ಲ, ಹಿತ್ತಾಳೆಯದನ್ನು ಮಾತ್ರ ನನ್ನ ಕೈಯಿಂದ ಕಿತ್ತುಕೊಂಡರು. "ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೇಲಿ ಹುಣಸೆಹುಳಿ ಇಡ್ತಾಳಾ ನಿನ್ನ ಹೆಂಡ್ತಿ? ಇದೂ ಹುಳೀನೇ ಕಣಪ್ಪ."

ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬುವ ಪೈಪಿಗೆ ಹಾಕುತ್ತಾರಲ್ಲ, ಕಟಕ್ ಎಂದು ಕೂರುವ, ಎಳೆದರೆ ಬಿಟ್ಟುಕೊಳ್ಳುವ ಕಪ್ಲಿಂಗು, ಅದಾದರೂ ಆದೀತೇ ಎಂದು ಕೇಳಿದೆ. ಅವರು ಒಂದನ್ನು ತೆಗೆದು ಒಳಗೆ ಬೆರಳಾಡಿಸಿ ನನಗೆ ತೋರಿಸಿದರು. ಬೆರಳ ತುದಿಯಲ್ಲಿ ಕರಿ ಎಣ್ಣೆ. "ಉಪಾಯ ಸರಿ, ಸಾಮಾನು ಸರಿಯಿಲ್ಲ. ಬರೋ ಭಾನುವಾರ ಬಾ."

ನನ್ನ ಒಂದು ಕಪ್ಲಿಂಗಿಗಾಗಿ ಅವರು ಬಸ್ಸು ಹತ್ತಿ ಬೆಂಗಳೂರಿನ ಸಿಟಿ ಮಾರ್ಕೆಟ್ಟಿಗೆ ಹೋಗಿದ್ದರೆಂದು ತಿಳಿದದ್ದು ಆ ಭಾನುವಾರ. ಹಾಲಿನ ಯಂತ್ರಗಳಿಗೆ ಹಾಕುವ ಸ್ಟೀಲಿನ ಕಪ್ಲಿಂಗು. ಬಿಚ್ಚಿದರೆ ಮೂರು ತುಂಡಾಗುತ್ತಿತ್ತು; ಮೂರನ್ನೂ ಕುದಿಯುವ ನೀರಿನಲ್ಲಿ ತೊಳೆಯಬಹುದಿತ್ತು. ಎಳೆದ ಕೂಡಲೇ ಅದರ ಬಾಯಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಜೊತೆಗೆ ಒಳಗಿನದೆಲ್ಲ ಕಾಣುವ ಬಿಳಿ ಪೈಪು.

ಅಂಗಡಿಯ ಮುಂದೆ ಬಕೆಟ್ಟಿನಲ್ಲಿ ನೀರು ತುಂಬಿಸಿದರು. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿ ಕಪ್ಲಿಂಗಿಗೆ ತೂರಿಸಿ, ಕ್ಲಿಪ್ಪು ಬಿಗಿದು, ನೀರಿನಲ್ಲಿ ಮುಳುಗಿಸಿದರು. ಪೈಪಿನ ಇನ್ನೊಂದು ತುದಿಗೆ ಬಾಯಿಟ್ಟು ಊದಿದರು. ಜೋಡಣೆಯ ಸಂದಿನಿಂದ ಗುಳ್ಳೆ ಎದ್ದವು. ಸಾಮಾನು ಕೊಳ್ಳಲು ಬಂದಿದ್ದ ಗಂಡಸರಲ್ಲಿ ಒಬ್ಬ, "ಅಮ್ಮಾ, ವಾಲಗ ಊದೋಕೆ ಕಲೀತಿದೀರಾ?" ಎಂದ. ಉಳಿದವರು ನಕ್ಕರು.

ಅವರು ತಿರುಗಿಯೂ ನೋಡಲಿಲ್ಲ. ಬೇರೆ ಕ್ಲಿಪ್ಪು ಹಾಕಿದರು. ಮತ್ತೆ ಗುಳ್ಳೆ. ಪೈಪಿನ ತುದಿಯನ್ನೇ ಕತ್ತರಿಸಿ ನೇರ ಮಾಡಿ, ಒಂದು ಅಳತೆ ಚಿಕ್ಕ ಕ್ಲಿಪ್ಪು ಬಿಗಿದು ಮೂರನೆಯ ಸಲ ಊದಿದರು. ಕೆನ್ನೆ ಉಬ್ಬಿತು, ಕಣ್ಣು ಕೆಂಪಾಯಿತು. ಬಕೆಟ್ಟಿನ ನೀರು ಅಲುಗಲಿಲ್ಲ. ಒಂದು ಗುಳ್ಳೆಯೂ ಇಲ್ಲ! ನಕ್ಕವನ ಕಡೆ ಪೈಪು ಚಾಚಿ, "ಈಗ ನೀನು ಊದಪ್ಪ" ಎಂದರು. ಅವನು ಊದಿ ಸೋತ. ಆಮೇಲೆ ಯಾರೂ ನಗಲಿಲ್ಲ.

ಆ ವರ್ಷ ಜಾಡಿಯಿಂದ ಜಾಡಿಗೆ ಕಟಕ್, ಕಟಕ್ ಎಂದು ಬದಲಾಯಿಸುತ್ತಾ ಹೋದೆ. ಬಿಳಿ ಪೈಪಿನೊಳಗೆ ಕೆಂಪು ಗೆರೆ ಎಲ್ಲೂ ತುಂಡಾಗದೆ ಇಳಿಯಿತು. ಕೆಲವು ತಿಂಗಳ ನಂತರ ಮೊದಲ ಲೋಟವನ್ನು ಹೆಂಡತಿಯೇ ಬಗ್ಗಿಸಿದಳು. ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿ ನೋಡಿದಳು. ಆಮೇಲೆ ಲೋಟ ಮುಂದೆ ಚಾಚಿ, "ಇನ್ನೊಂಚೂರು ಹಾಕ್ರಿ" ಎಂದಳು. ನಾನು ಅಂಗಳದಲ್ಲಿ ಕುಣಿದೇಬಿಟ್ಟೆ.

ಒಂದು ಬಾಟಲು ಅಂಗಡಿಗೆ ಒಯ್ದೆ. ಅಂಗಡಿಯಮ್ಮ ರಸ್ತೆಯ ಆಚೀಚೆ ನೋಡಿ, ಬಾಗಿಲು ಅರ್ಧ ಎಳೆದು, ಸ್ಟೀಲ್ ಲೋಟದಲ್ಲಿ ಬಗ್ಗಿಸಿಕೊಂಡು, ಸೆರಗು ಅಡ್ಡ ಹಿಡಿದು ಒಂದೇ ಗುಟುಕಿಗೆ ಕುಡಿದರು. ಕಣ್ಣು ಮುಚ್ಚಿ ತೆರೆದು, "ಸೋರಿಲ್ಲ" ಎಂದರು. ವೈನಿಗೆ ಅಷ್ಟು ದೊಡ್ಡ ಹೊಗಳಿಕೆ ಮತ್ತೆಂದೂ ಸಿಕ್ಕಿಲ್ಲ.

ಚಪ್ಪರ ಈಗಿಲ್ಲ. ರಸ್ತೆ ಅಗಲವಾದಾಗ ಆ ಅಂಗಡಿಯೂ ಹೋಯಿತು. ಅಂಗಡಿಯಮ್ಮ ತೀರಿಕೊಂಡದ್ದು ನನಗೆ ತಿಳಿಯುವಷ್ಟರಲ್ಲಿ ಬಹಳ ಕಾಲವಾಗಿತ್ತು. ಕೊನೆಯ ಸಲ ಹೋಗಿ ನೋಡಲಾಗಲಿಲ್ಲವಲ್ಲ ಎಂಬ ಕೊರಗು ಹಾಗೇ ಉಳಿದಿದೆ… ಮೊನ್ನೆ ವಿಚಾರಿಸಿಕೊಂಡು ಅವರ ಮಗಳು ಬೈಪಾಸಿನಲ್ಲಿ ಇಟ್ಟಿರುವ ದೊಡ್ಡ ಅಂಗಡಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ.

"ನಮ್ಮಮ್ಮನಾ? ವೈನಾ?" ಆಕೆ ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ನಗತೊಡಗಿದರು. ನಗುತ್ತಲೇ ಕಣ್ಣೊರೆಸಿಕೊಂಡು, ಹೊರಗೆ ಕಾಯುತ್ತಿದ್ದ ಗಿರಾಕಿಗಳಿಗೆ ಕೈಸನ್ನೆಯಲ್ಲೇ ನಿಲ್ಲಿ ಎಂದು, ನನಗೊಂದು ಸ್ಟೂಲು ಎಳೆದು ಹಾಕಿದರು.

"ಇನ್ನೊಂದ್ಸಲ ಹೇಳಿ ಸಾರ್. ಮೊದಲಿಂದ ಹೇಳಿ."